ವೃತ್ತಿಯಲ್ಲದ ವಿದ್ವತ್ತು: ಮಂಜೇಶ್ವರದ ಪುಸ್ತಕಗಳು ಮತ್ತು ಗಡಿನಾಡಿನ ಬಿಡಿ ಲೇಖನಗಳು

ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಾಳೂರಿನ ಕಸದ ದಿಬ್ಬಗಳಿಂದ ಅಗೆದು ತೆಗೆದ ಪಪೈರಸ್ ಬರಹಗಳ ಮೂರನೆಯ ಸಂಪುಟವನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಆಂಗ್ಲ ವಿದ್ವಾಂಸರಿಬ್ಬರು 1903ರಲ್ಲಿ ಪ್ರಕಟಿಸಿದರು. ಅದರಲ್ಲಿ 413ನೆಯ ಸಂಖ್ಯೆಯದು ಒಂದು ಗ್ರೀಕ್ ಪ್ರಹಸನ. ಕ್ರಿಸ್ತಶಕ ಎರಡನೆಯ ಶತಮಾನದ ಸುಮಾರಿನ ಲಿಪಿಯಲ್ಲಿರುವ ಈ ಪ್ರಹಸನದ ಕಥೆ ಸರಳವಾದುದು. ಕ್ಯಾರಿಟಿಯಾನ್ ಎಂಬ ಗ್ರೀಕ್ ತರುಣಿ ಹಿಂದೂ ಮಹಾಸಾಗರದ ತೀರದ ಒಂದು ನಾಡಿನಲ್ಲಿ ಸೆರೆಯಾಗಿದ್ದಾಳೆ. ಅವಳನ್ನು ಬಿಡಿಸಲು ಅಣ್ಣ ಹಡಗಿನವರೊಡನೆ ಬಂದು, ಅಲ್ಲಿಯ ಅರಸನಿಗೂ ಪರಿವಾರಕ್ಕೂ ನೀರು ಬೆರೆಸದ ಮದ್ಯ ಕುಡಿಸಿ, ಅಮಲೇರಿದವರನ್ನು ಕಟ್ಟಿಹಾಕಿ ತಂಗಿಯನ್ನು ಕರೆದೊಯ್ಯುತ್ತಾನೆ. ನಡುವೆ ಒಬ್ಬ ವಿದೂಷಕನ ಒರಟು ಹಾಸ್ಯವಿದೆ. ಆ ನಾಡಿನವರು ಆಡುವ ಮಾತುಗಳು ಮಾತ್ರ ಗ್ರೀಕ್ ಲಿಪಿಯಲ್ಲಿದ್ದರೂ ಗ್ರೀಕ್ ಭಾಷೆಯವಲ್ಲ. ಅವು ಯಾವ ಭಾಷೆಯವು ಎಂಬ ಪ್ರಶ್ನೆ ಮರುವರ್ಷವೇ ಎದ್ದಿತು.

ಮದ್ರಾಸ್ ಸರಕಾರದ ಶಾಸನತಜ್ಞರಾಗಿದ್ದು ಜರ್ಮನಿಗೆ ಮರಳಿದ್ದ ಹುಲ್ಟ್ಜ್ ಅವರು 1904ರಲ್ಲಿ ಈ ಮಾತುಗಳಲ್ಲಿ ಕನ್ನಡವಿದೆ ಎಂದು ಸೂಚಿಸಿದರು. ಮೈಸೂರಿನ ಆರ್. ಶಾಮಶಾಸ್ತ್ರಿಗಳು ಆ ಸೂಚನೆಯನ್ನು ಮುಂದುವರಿಸಿ ವಾಕ್ಯಗಳನ್ನೇ ಬಿಡಿಸಿ ಓದಲು ಯತ್ನಿಸಿದರು. ಬ್ರಿಟಿಷ್ ಮ್ಯೂಸಿಯಮ್ಮಿನ ಬಾರ್ನೆಟ್ ಅವರು 1926ರಲ್ಲಿ ಇದನ್ನು ಒಪ್ಪದೆ ಬರೆದರು. ಈ ಮೂವರಿಗೂ ವಿದ್ವತ್ತೇ ವೃತ್ತಿಯಾಗಿತ್ತು. ಬೆನ್ನ ಹಿಂದೆ ವಿಶ್ವವಿದ್ಯಾಲಯವೋ ಗ್ರಂಥಾಲಯವೋ ಸರಕಾರಿ ಇಲಾಖೆಯೋ ಇತ್ತು. ಇದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೈಗೆತ್ತಿಕೊಂಡು ವಿಸ್ತಾರವಾಗಿ ಬರೆದ ಇನ್ನೊಬ್ಬರಿಗೆ ಇವು ಯಾವುವೂ ಇರಲಿಲ್ಲ. ಅವರಿದ್ದುದು ದಕ್ಷಿಣ ಕನ್ನಡ ಜಿಲ್ಲೆಯ ತೆಂಕಣ ಅಂಚಿನ ಮಂಜೇಶ್ವರದಲ್ಲಿ, ತಮ್ಮ ಸ್ವಂತ ಮನೆಯಲ್ಲಿ, ಸ್ವಂತ ಹಣದಿಂದ ತರಿಸಿದ ಪುಸ್ತಕಗಳ ನಡುವೆ.

ಎಂ. ಗೋವಿಂದ ಪೈ (1883–1963) ಕನ್ನಡಿಗರ ನೆನಪಿನಲ್ಲಿ ಮೊದಲಿಗೆ ಕವಿ. ದ್ವಿತೀಯಾಕ್ಷರ ಪ್ರಾಸವನ್ನು 1911ರ ಸುಮಾರಿಗೆ ಕೈಬಿಟ್ಟವರು, ‘ಗಿಳಿವಿಂಡು’, ‘ಗೊಲ್ಗೊಥಾ’, ‘ವೈಶಾಖಿ’, ‘ಹೆಬ್ಬೆರಳು’ಗಳ ಕರ್ತೃ, 1949ರಲ್ಲಿ ಮದ್ರಾಸ್ ಸರಕಾರದಿಂದ ರಾಷ್ಟ್ರಕವಿ ಎನಿಸಿಕೊಂಡವರು, 1951ರ ಮುಂಬಯಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಈ ಕೀರ್ತಿಯ ನೆರಳಿನಲ್ಲಿ ಅವರ ಇನ್ನೊಂದು ಬರವಣಿಗೆ ಬಹುಕಾಲ ಮರೆಯಾಗಿ ಉಳಿಯಿತು. ಕಾರಣ ಬರಹದ ಗುಣವಲ್ಲ, ಅದು ಅಚ್ಚಾದ ರೂಪ. ಕವಿತೆಗಳು ಪುಸ್ತಕಗಳಾದವು. ಶಾಸನ, ಕಾಲನಿರ್ಣಯ, ತುಳುನಾಡಿನ ಇತಿಹಾಸ, ಜೈನ ಬೌದ್ಧ ವಿಚಾರ, ಶಬ್ದಗಳ ಮೂಲ ಇವುಗಳ ಕುರಿತ ಬರಹಗಳು ಬಹುಪಾಲು ಪತ್ರಿಕೆಗಳಲ್ಲಿ, ವಿಶೇಷ ಸಂಚಿಕೆಗಳಲ್ಲಿ, ಅಭಿನಂದನ ಗ್ರಂಥಗಳಲ್ಲಿ ಬಿಡಿಬಿಡಿಯಾಗಿ ಚೆದರಿದವು. ಪುಸ್ತಕವನ್ನು ಗ್ರಂಥಸೂಚಿ ಹಿಡಿದಿಡುತ್ತದೆ. ಬಿಡಿ ಲೇಖನವನ್ನು ಹಿಡಿದಿಡುವುದು ಓದಿದವರ ನೆನಪು ಮಾತ್ರ. ಗಡಿನಾಡಿನ ಕನ್ನಡ ವಿದ್ವತ್ತಿನ ಚರಿತ್ರೆಯನ್ನು ಬರೆಯಹೊರಟವರಿಗೆ ಎದುರಾಗುವ ಮೊದಲ ತೊಡಕು ಇದೇ. ಈ ವಿದ್ವತ್ತು ಹೆಚ್ಚಾಗಿ ಹವ್ಯಾಸದ್ದು, ಆದುದರಿಂದ ಬಿಡಿ ಲೇಖನದ್ದು, ಆದುದರಿಂದ ಹುಡುಕಿದಲ್ಲದೆ ಸಿಗದು.

ಹವ್ಯಾಸವೆಂಬ ಮಾತನ್ನು ಇಲ್ಲಿ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಸಂಬಳಕ್ಕಲ್ಲದೆ, ಪದವಿಗಲ್ಲದೆ, ಯಾವ ಪಠ್ಯಕ್ರಮವೂ ಕೇಳದ ಪ್ರಶ್ನೆಯನ್ನು ಒಬ್ಬಾತ ಬಿಡದೆ ಬೆನ್ನಟ್ಟುವುದು ಎಂಬ ಅರ್ಥದಲ್ಲಿ ಮಾತ್ರ ಅದು ಹವ್ಯಾಸ. ಪೈಯವರು ಮದ್ರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದುತ್ತಿದ್ದಾಗ ತಂದೆ ತೀರಿಕೊಂಡುದರಿಂದ ಬಿ.ಎ. ಮುಗಿಸದೆ ಊರಿಗೆ ಮರಳಿದರು. ಮನೆತನಕ್ಕೆ ಆಸ್ತಿಯಿತ್ತು. ಮನೆಮಾತು ಕೊಂಕಣಿ, ಊರಮಾತು ತುಳು, ಬರಹದ ಭಾಷೆ ಕನ್ನಡ, ತೆಂಕಣಕ್ಕೆ ನಡೆದರೆ ಮಲೆಯಾಳ. ಇಪ್ಪತ್ತಕ್ಕೂ ಮಿಕ್ಕ ಭಾಷೆಗಳ ಪರಿಚಯ ಅವರಿಗಿತ್ತೆಂಬ ಮಾತು ಬೆರಗಿನ ಸಂಗತಿಯಾಗಿ ಮತ್ತೆ ಮತ್ತೆ ಹೇಳಲ್ಪಡುತ್ತದೆ. ನಾಲ್ಕು ಭಾಷೆಗಳ ಕೂಡುದಾರಿಯಲ್ಲಿ ಹುಟ್ಟಿ ಬೆಳೆದವನಿಗೆ ಐದನೆಯದನ್ನು ಕಲಿಯುವುದು ಏಕಭಾಷಿಕ ಪಟ್ಟಣದವನಿಗೆ ಎರಡನೆಯದನ್ನು ಕಲಿಯುವಷ್ಟು ಕಷ್ಟವಲ್ಲವೆಂಬುದನ್ನು ಮಾತ್ರ ಆ ಬೆರಗು ಮರೆಯುತ್ತದೆ. ಜಪಾನಿನ ನೋ ನಾಟಕಗಳು, ಕ್ರಿಸ್ತನ ಕಡೆಯ ದಿನ, ಬುದ್ಧನ ಕಡೆಯ ದಿನ, ಗ್ರೀಕ್ ಪ್ರಹಸನ ಇವೆಲ್ಲ ಒಂದೇ ಮೇಜಿನ ಮೇಲೆ ಬಂದುದಕ್ಕೆ ಆ ಊರಿನ ನೆಲೆಯೂ ಒಂದು ಕಾರಣ.

ಇನ್ನೊಂದು ಕಾರಣವನ್ನು ಅಷ್ಟಾಗಿ ಯಾರೂ ಗಮನಿಸಿಲ್ಲ. ಇತಿಹಾಸದ ಆಕರಗಳು ಅಚ್ಚಾಗಿ, ಅಂಚೆಯ ಮೂಲಕ ಮನೆಗೆ ತರಿಸಿಕೊಳ್ಳಬಹುದಾದ ಸರಕಾದುದು ಹತ್ತೊಂಬತ್ತನೆಯ ಶತಮಾನದ ಕೊನೆಯ ಮೂರು ದಶಕಗಳಲ್ಲಿ. 1872ರಲ್ಲಿ ಜೇಮ್ಸ್ ಬರ್ಜೆಸ್ ‘ಇಂಡಿಯನ್ ಆಂಟಿಕ್ವರಿ’ಯನ್ನು ಆರಂಭಿಸಿದರು. ಅದೂ ಮೊದಲಿಗೆ ಖಾಸಗಿ ಸಾಹಸವೇ. ಜಿಲ್ಲಾಧಿಕಾರಿಗಳು, ನ್ಯಾಯಾಧೀಶರು, ಪಾದ್ರಿಗಳು, ಶಾಲಾ ತನಿಖಾಧಿಕಾರಿಗಳು ತಮ್ಮ ಬಿಡುವಿನ ವೇಳೆಯ ಶೋಧಗಳನ್ನು ಅದಕ್ಕೆ ಕಳುಹಿಸುತ್ತಿದ್ದರು. ಫ್ಲೀಟ್ ಅವರು ಸಂಗ್ರಹಿಸಿದ ಕನ್ನಡ ಲಾವಣಿಗಳೂ ಬರ್ನೆಲ್ ಅವರ ಹೆಸರಿನ ತುಳು ಭೂತಾರಾಧನೆಯ ಪಾಡ್ದನಗಳೂ ಅದರಲ್ಲೇ ಬಂದವು. ಮುಂದೆ ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳು, ದಕ್ಷಿಣ ಭಾರತದ ಶಾಸನಗಳ ಸರಣಿ, ‘ಎಪಿಗ್ರಾಫಿಯ ಇಂಡಿಕ’ ಒಂದಾದ ಮೇಲೊಂದು ಹೊರಬಂದವು. ಕಲ್ಲು ಇದ್ದಲ್ಲಿಗೆ ಹೋಗಲಾರದವನು ಕೂಡ ಕಲ್ಲಿನ ಪಾಠವನ್ನು ಓದುವಂತಾಯಿತು.

ಓದಿ ಏನು ಮಾಡಬಹುದಿತ್ತು? ಕಾಲನಿರ್ಣಯ ಮಾಡಬಹುದಿತ್ತು. ಈ ಶಾಸ್ತ್ರದ ಕೆಲಸ ಬಲು ಮಟ್ಟಿಗೆ ಮನೆಯಲ್ಲಿ ಕುಳಿತು ಮಾಡಬಲ್ಲುದು. ಶಾಸನವೊಂದು ಶಕವರ್ಷವನ್ನೂ ಅರುವತ್ತರ ಚಕ್ರದ ಸಂವತ್ಸರದ ಹೆಸರನ್ನೂ ಮಾಸ, ಪಕ್ಷ, ತಿಥಿ, ವಾರಗಳನ್ನೂ ಹೇಳುತ್ತದೆ. ಒಮ್ಮೊಮ್ಮೆ ಗ್ರಹಣವನ್ನೋ ಸಂಕ್ರಾಂತಿಯನ್ನೋ ಕೂಡಿಸುತ್ತದೆ. ಶಕವರ್ಷಕ್ಕೆ 78ನ್ನು ಸೇರಿಸಿದರೆ ಕ್ರಿಸ್ತವರ್ಷ ಬರುತ್ತದೆ. ಬಾದಾಮಿಯ ಗುಹೆಯ ಮಂಗಲೇಶನ ಶಾಸನದ ಶಕ 500 ಹೀಗೆ 578 ಆಗುತ್ತದೆ. ಆದರೆ ಹೇಳಿದ ವರ್ಷ ಗತವೋ ವರ್ತಮಾನವೋ ಎಂಬುದರ ಮೇಲೆ ಒಂದು ವರ್ಷ ಅತ್ತಿತ್ತ ಸರಿಯುತ್ತದೆ. ಪುಷ್ಯದಿಂದ ಫಾಲ್ಗುಣದವರೆಗಿನ ದಿನಗಳು ಹಲವೊಮ್ಮೆ ಮುಂದಿನ ಕ್ರಿಸ್ತವರ್ಷಕ್ಕೆ ಬೀಳುತ್ತವೆ. ತಿಥಿಗೂ ವಾರಕ್ಕೂ ತಾಳೆ ಬಿದ್ದರೆ ಲೆಕ್ಕ ನಿಂತಿತು. ಬೀಳದಿದ್ದರೆ ಓದಿದ ಅಕ್ಷರ ತಪ್ಪು, ಇಲ್ಲವೆ ಕಂಡರಿಸಿದವನು ತಪ್ಪಿದ, ಇಲ್ಲವೆ ಶಾಸನವೇ ಕೂಟ. ಐಹೊಳೆಯ ರವಿಕೀರ್ತಿ ಭಾರತಯುದ್ಧದಿಂದ 3735 ವರ್ಷ, ಶಕರಾಜರಿಂದ 556 ವರ್ಷ ಎಂದು ಎರಡು ಗಣನೆಗಳನ್ನು ಒಟ್ಟಿಗೆ ಕೊಟ್ಟುದು, ಎರಡೂ 634ರ ಬಳಿಗೇ ಬಂದು ನಿಲ್ಲುವುದು, ಈ ಬಗೆಯ ಓದುಗನಿಗೆ ಕವಿತೆಯಷ್ಟೇ ರುಚಿಯ ಸಂಗತಿ.

ಈ ಲೆಕ್ಕಕ್ಕೆ ಬೇಕಾದ ಕೋಷ್ಟಕಗಳನ್ನು ಒದಗಿಸಿದವರಲ್ಲೂ ಹೆಚ್ಚಿನವರು ಬಿಡುವಿನ ವಿದ್ವಾಂಸರು. 1896ರ ‘ಇಂಡಿಯನ್ ಕ್ಯಾಲೆಂಡರ್’ ಬರೆದ ಇಬ್ಬರಲ್ಲಿ ಸೆವೆಲ್ ಮದ್ರಾಸಿನ ಆಡಳಿತಾಧಿಕಾರಿ, ಶಂಕರ ಬಾಲಕೃಷ್ಣ ದೀಕ್ಷಿತರು ಶಿಕ್ಷಕರು. 1922ರಲ್ಲಿ ಕ್ರಿಸ್ತಶಕ 700ರಿಂದ 1799ರವರೆಗಿನ ದಿನದಿನದ ಪಂಚಾಂಗವನ್ನು ಸಂಪುಟಗಳಲ್ಲಿ ಕೊಟ್ಟ ಸ್ವಾಮಿಕಣ್ಣು ಪಿಳ್ಳೆಯವರು ಮದ್ರಾಸ್ ಸರಕಾರದ ಉನ್ನತ ಅಧಿಕಾರಿ. ಈ ಸಂಪುಟಗಳು ಕಪಾಟಿನಲ್ಲಿದ್ದರೆ ಮಂಜೇಶ್ವರಕ್ಕೂ ಮದ್ರಾಸಿಗೂ ಆ ಮಟ್ಟಿಗೆ ಅಂತರವಿಲ್ಲ. ಪೈಯವರ ಸಂಶೋಧನೆಯಲ್ಲಿ ಕಾಲನಿರ್ಣಯಕ್ಕೆ ಇಷ್ಟು ದೊಡ್ಡ ಪಾಲು ಸಿಕ್ಕಿದುದನ್ನು ಸ್ವಭಾವದ ಒಲವೆಂದಷ್ಟೇ ವಿವರಿಸಿದರೆ ಸಾಲದು. ಉತ್ಖನನ, ಹಸ್ತಪ್ರತಿ ಭಂಡಾರ, ಶಿಷ್ಯವರ್ಗ ಒಂದೂ ಇಲ್ಲದವನು ಅಚ್ಚಿನ ಆಕರಗಳಿಂದಲೇ ನಡೆಸಬಲ್ಲ ಶಾಸ್ತ್ರ ಅದಾಗಿತ್ತು.

ಸಂಸ್ಥೆಯ ಹೊರಗಿರುವುದರಲ್ಲಿ ಅಪಾಯವೂ ಇತ್ತು. ಪ್ರಹಸನದ ಪ್ರಶ್ನೆಯಲ್ಲೇ ಅದು ಕಾಣುತ್ತದೆ. ಕನ್ನಡದ ಪಕ್ಷದವರು ಆ ಮಾತುಗಳಲ್ಲಿ ‘ಕೊಂಚ’, ‘ಮಧು’, ‘ಪಾತ್ರ’, ‘ಹಾಕಿ’ ಮುಂತಾದವನ್ನು ಓದಿದರು. ಹಾಗೆ ಓದಿದಾಗ ಹೊರಡುವ ವಾಕ್ಯ ಇಂದಿನ ಕನ್ನಡಿಗನಿಗೂ ಸಲೀಸಾಗಿ ತಿಳಿಯುತ್ತದೆ. ಸಂಶಯ ಹುಟ್ಟಬೇಕಾದುದು ಅಲ್ಲಿಯೇ. ಪದಾದಿಯ ಪಕಾರ ಹಕಾರವಾದುದು ಶಾಸನಗಳಲ್ಲಿ ಹತ್ತನೆಯ ಶತಮಾನದ ಸುಮಾರಿನಿಂದ ಕಾಣತೊಡಗುವ ಬದಲಾವಣೆ. ಹಲ್ಮಿಡಿ ಶಾಸನಕ್ಕಿಂತಲೂ ಹಿಂದಿನ ಕನ್ನಡದಲ್ಲಿ ಹಕಾರದ ‘ಹಾಕಿ’ ಇರುವುದು ಹೇಗೆ? ತೀರದ ನುಡಿಯೆಂದ ಮೇಲೆ ತುಳು ಏಕಾಗಬಾರದು ಎಂದು ವಾದಿಸಿದವರೂ ಮುಂದೆ ಹುಟ್ಟಿದರು. ಅವು ಯಾವ ಭಾಷೆಯೂ ಅಲ್ಲ, ಅನ್ಯರ ಮಾತನ್ನು ಅಣಕಿಸಲು ನಟರು ಹೊಂದಿಸಿದ ಸದ್ದು ಎನ್ನುವವರೂ ಇದ್ದಾರೆ. ನುಡಿಯ ಪ್ರಾಚೀನತೆಯನ್ನು ಹಿಗ್ಗಿಸುವ ಹಂಬಲಕ್ಕೆ ಸಂಸ್ಥೆಯ ವಿದ್ವಾಂಸರೂ ಒಳಗಾದರೆಂಬುದು ನಿಜ. ಶಾಮಶಾಸ್ತ್ರಿಗಳೇ ಅದಕ್ಕೆ ಸಾಕ್ಷಿ. ಆದರೂ ಎದುರು ಕುಳಿತು ತಿದ್ದುವ ಸಹೋದ್ಯೋಗಿ ಇಲ್ಲದ ಮನೆಯಲ್ಲಿ ಅಂಥ ಹಂಬಲಕ್ಕೆ ಕಡಿವಾಣ ಹಾಕುವುದು ಇನ್ನೂ ಕಷ್ಟ.

ಆ ಸಹೋದ್ಯೋಗಿಯ ಕೆಲಸವನ್ನು ಒಂದು ಮಟ್ಟಿಗೆ ಮಾಡಿದ್ದು ಪತ್ರಿಕೆ. 1916ರಲ್ಲಿ ಸಾಹಿತ್ಯ ಪರಿಷತ್ತಿನ ಪತ್ರಿಕೆ, 1919ರಲ್ಲಿ ಬೆಂಗಳೂರಿನ ‘ಪ್ರಬುದ್ಧ ಕರ್ನಾಟಕ’, 1922ರಲ್ಲಿ ಧಾರವಾಡದ ‘ಜಯ ಕರ್ನಾಟಕ’ ಹುಟ್ಟಿದವು. ಮಂಗಳೂರಿನಲ್ಲಿ ಬೆನಗಲ್ ರಾಮರಾಯರ ‘ಸುವಾಸಿನಿ’ ಅದಕ್ಕೂ ಹಿಂದಿನದು. ಕನ್ನಡ ಮಾತಾಡುವ ನೆಲ ಮದ್ರಾಸ್, ಮುಂಬಯಿ, ಮೈಸೂರು, ಹೈದರಾಬಾದ್ ಎಂದು ಹರಿದು ಹಂಚಿಹೋಗಿದ್ದ ಕಾಲ ಅದು. ಒಂದು ಆಡಳಿತದವನು ಇನ್ನೊಂದು ಆಡಳಿತದ ಊರಿಗೆ ಬರೆದು ಕಳುಹಿಸುವುದು, ಮೂರನೆಯ ಕಡೆಯವನು ಅದಕ್ಕೆ ಎದುರು ಬರೆಯುವುದು ನಡೆದೇ ಇತ್ತು. ಕರ್ನಾಟಕದ ಏಕೀಕರಣ ನಕಾಶೆಯ ಮೇಲೆ ಆಗುವುದಕ್ಕಿಂತ ನಾಲ್ಕು ದಶಕ ಮೊದಲೇ ಅಂಚೆಚೀಲದಲ್ಲಿ ಆಗಿತ್ತೆಂದು ಹೇಳಬಹುದು. ಆ ಏಕೀಕರಣದಲ್ಲಿ ಮಂಜೇಶ್ವರ ಒಳಗಿತ್ತು.

ಪತ್ರಿಕೆ ಸಿಗದಿದ್ದವರು ತಾವೇ ಪತ್ರಿಕೆ ತೆಗೆದರು. ಸೊಲ್ಲಾಪುರ, ಜತ್ತ ಸೀಮೆಗಳ ನೆರೆಯ ವಿಜಾಪುರದಲ್ಲಿ ಫ.ಗು. ಹಳಕಟ್ಟಿಯವರು (1880–1964) ವೃತ್ತಿಯಿಂದ ವಕೀಲರು. ಮನೆಮನೆಗಳಿಂದ, ಮಠಗಳಿಂದ ವಚನಗಳ ಓಲೆಗಟ್ಟುಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, 1925ರಲ್ಲಿ ಹಿತಚಿಂತಕ ಎಂಬ ಸ್ವಂತ ಮುದ್ರಣಾಲಯವನ್ನು ಸ್ಥಾಪಿಸಿದರು, ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಸಂಪಾದಕ, ಲೇಖಕ, ಪ್ರಕಾಶಕ ಎಲ್ಲ ಹೆಚ್ಚುಕಡಿಮೆ ಒಬ್ಬರೇ. ವಕೀಲಿಯ ಗಳಿಕೆ ಅದರಲ್ಲಿ ಕರಗಿತು. ಅದೇ 1926ರಲ್ಲಿ ಅವರು ಅಧ್ಯಕ್ಷರಾದ ಸಾಹಿತ್ಯ ಸಮ್ಮೇಳನ ನಡೆದುದು ಆಗ ಮದ್ರಾಸ್ ಆಧಿಪತ್ಯಕ್ಕೆ ಸೇರಿದ್ದ ಬಳ್ಳಾರಿಯಲ್ಲಿ. ಹಳಕಟ್ಟಿಯವರದು ಒಂದೇ ಬಾವಿಯನ್ನು ಆಳಕ್ಕೆ ತೋಡಿದ ಹವ್ಯಾಸ, ಪೈಯವರದು ಹಲವೆಡೆ ತೋಡಿದ ಹವ್ಯಾಸ. ಮೊದಲನೆಯದು ಒಂದು ಸಮಾಜದ ಆಸ್ತಿಯಾಗಿ ಬೇಗ ಬೇರೂರಿತು. ಎರಡನೆಯದಕ್ಕೆ ಅಂಥ ವಾರಸುದಾರ ಸಮಾಜವೊಂದು ಇರಲಿಲ್ಲ.

ಊರಿನ ಅಭಿಮಾನ ಬೆರೆತಾಗ ಹವ್ಯಾಸದ ವಿದ್ವತ್ತು ಎಷ್ಟು ಬಿಸಿಯೇರಬಲ್ಲುದೆಂಬುದಕ್ಕೆ ಪಾರ್ತಿಸುಬ್ಬನ ಚರ್ಚೆ ನಿದರ್ಶನ. ಯಕ್ಷಗಾನ ರಾಮಾಯಣದ ಪ್ರಸಂಗಗಳನ್ನು ಕುಂಬಳೆ ಸೀಮೆಯವರು ತಮ್ಮ ಪಾರ್ತಿಸುಬ್ಬನದೆಂದು ನಂಬಿ ಹಾಡುತ್ತ ಬಂದವರು. ‘ನಾಡೋಜ ಪಂಪ’ದ ಕರ್ತೃ ಮುಳಿಯ ತಿಮ್ಮಪ್ಪಯ್ಯನವರು (1888–1950) ಅವನ ಮೇಲೆ ಪುಸ್ತಕ ಬರೆದರು. ಶಿವರಾಮ ಕಾರಂತರು ಓಲೆಪ್ರತಿಗಳನ್ನು ನೋಡಿ ಆ ಕರ್ತೃತ್ವವನ್ನೇ ಪ್ರಶ್ನಿಸಿದರು. ಕುಕ್ಕಿಲ ಕೃಷ್ಣ ಭಟ್ಟರು ಕುಂಬಳೆಯ ಪಕ್ಷವಾಗಿ ವಾದಿಸಿ, ಪಾರ್ತಿಸುಬ್ಬನ ಯಕ್ಷಗಾನಗಳನ್ನು ಪೀಠಿಕೆಯೊಡನೆ ಸಂಪಾದಿಸಿದರು. ಇವರಲ್ಲಿ ಯಾರನ್ನೂ ಯಕ್ಷಗಾನದ ಪ್ರಾಧ್ಯಾಪಕನೆಂದು ಯಾವ ವಿಶ್ವವಿದ್ಯಾಲಯವೂ ನೇಮಿಸಿರಲಿಲ್ಲ. ಹಾಗೊಂದು ಪೀಠವಿರಬಹುದೆಂಬ ಕಲ್ಪನೆಯೂ ಆಗ ಇರಲಿಲ್ಲ. ಬಯಲಾಟವನ್ನು ಹಳ್ಳಿಗರ ರಾತ್ರಿಯ ಮನರಂಜನೆಯೆಂದು ವಿದ್ಯಾವಂತರು ಬದಿಗಿಟ್ಟಿದ್ದ ದಿನಗಳಲ್ಲಿ, ಅದರ ಪದ್ಯಗಳಿಗೂ ಕರ್ತೃವಿಚಾರ, ಪಾಠಾಂತರ, ಕಾಲಪರೀಕ್ಷೆಗಳು ಸಲ್ಲುತ್ತವೆಂದು ತೋರಿಸಿದ್ದೇ ಈ ಜಗಳದ ಫಲ. ಯಾರು ಗೆದ್ದರೆಂಬುದು ಅದರ ಮುಂದೆ ಸಣ್ಣ ವಿಷಯ.

ಈ ವಿದ್ವತ್ತಿಗೆ ಹಣ ಎಲ್ಲಿಂದ ಬಂತೆಂದು ಕೇಳದೆ ಚರಿತ್ರೆ ಪೂರ್ಣವಾಗದು. ಗೇಣಿಯ ಅಕ್ಕಿ, ವ್ಯಾಪಾರದ ಲಾಭ, ವಕೀಲಿಯ ಶುಲ್ಕ, ಶಾಲಾ ಮಾಸ್ತರರ ಸಣ್ಣ ಸಂಬಳ ಅದರ ಆಧಾರ. ಆದುದರಿಂದ ಅದು ಅಕ್ಷರ ಮತ್ತು ಬಿಡುವು ಎರಡೂ ಇದ್ದವರ ವಿದ್ವತ್ತು. ಬಹುಪಾಲು ಮೇಲುಜಾತಿಯ ಗಂಡಸರದು. ಅದೇ ನೆಲದಲ್ಲಿ ನೇಜಿ ನೆಡುತ್ತ ಹಾಡಿದ ಹೆಂಗಸರ ಪಾಡ್ದನಗಳು, ನಲಿಕೆ ಪಂಬದರ ಕಟ್ಟುಕಟ್ಟಳೆಯ ನುಡಿಗಳು ಜ್ಞಾನವೆಂದು ಎಣಿಕೆಯಾಗಲು ಇನ್ನೂ ಕಾಲ ಬೇಕಾಯಿತು. ಪಾದ್ರಿ ಮ್ಯಾನರ್ ಅವರ ತುಳು ನಿಘಂಟು 1886ರಷ್ಟು ಹಿಂದೆಯೇ ಬಾಸೆಲ್ ಮಿಷನ್ನಿನಿಂದ ಬಂದಿದ್ದರೂ, ಅದನ್ನು ಹಿಡಿದು ಮುಂದೆ ಹೊರಟ ಊರಿನ ವಿದ್ವಾಂಸರು ವಿರಳ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದರ ರಾಜಕೀಯವನ್ನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ. ಬಿಡಿ ಲೇಖನದ ಚರಿತ್ರೆಗೆ ಅದರಿಂದಾದ ಪರಿಣಾಮ ಮಾತ್ರ ಪ್ರಸ್ತುತ. ಅದುವರೆಗೆ ಮಂಗಳೂರು, ಉಡುಪಿ, ಪುತ್ತೂರು, ಮಂಜೇಶ್ವರ ಒಂದೇ ಜಿಲ್ಲೆ. ಅಚ್ಚುಕೂಟ, ಕಾಲೇಜು, ಪತ್ರಿಕೆ ಇದ್ದುದು ಮಂಗಳೂರಿನಲ್ಲಿ. ಲೇಖಕನಿರುವುದು ಅಲ್ಲಿಂದ ಕೆಲವೇ ಮೈಲಿಯಾಚೆ. ಗಡಿ ಬಿದ್ದ ಮೇಲೆ ಅಂಚೆ ನಿಲ್ಲಲಿಲ್ಲ, ರೈಲೂ ನಿಲ್ಲಲಿಲ್ಲ. ಬದಲಾದುದು ಸಂಗ್ರಹಿಸುವ ಹೊಣೆ ಯಾರದೆಂಬುದು. ಮಂಗಳೂರಿನಲ್ಲಿ ಅಚ್ಚಾದ ಹಳೆಯ ಸಂಚಿಕೆ ಕೇರಳದ ಗ್ರಂಥಾಲಯಕ್ಕೆ ಹೊರರಾಜ್ಯದ ಸರಕು; ಮಂಜೇಶ್ವರದ ಮನೆಯಲ್ಲುಳಿದ ಕಾಗದ ಕರ್ನಾಟಕದ ಸಂಸ್ಥೆಗೆ ಹೊರರಾಜ್ಯದ ಆಸ್ತಿ. ಎರಡು ಕಡೆಯೂ ತನ್ನದಲ್ಲವೆನ್ನಲು ಒಂದೊಂದು ಕಾರಣ ದೊರಕಿತು. ತಲಪಾಡಿಯ ಈಚೆ ಆಚೆ ಓದಿದ ಎರಡು ತಲೆಮಾರಿನ ವಿದ್ಯಾರ್ಥಿಗಳಿಗೆ ಒಂದೇ ಲೇಖಕನ ಬರಹದ ಬೇರೆ ಬೇರೆ ತುಂಡುಗಳಷ್ಟೇ ಕಂಡವು.

ಪೈಯವರು 1963ರಲ್ಲಿ ತೀರಿಕೊಂಡರು. ಅವರ ಪುಸ್ತಕ ಸಂಗ್ರಹ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿಗೆ ಸೇರಿ, ಅದರ ಸುತ್ತ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ ಬೆಳೆಯಿತು. ಕು.ಶಿ. ಹರಿದಾಸ ಭಟ್ಟರ ಮುಂದಾಳುತನ ಅದರ ಹಿಂದಿತ್ತು. ಪುಸ್ತಕಗಳು ಗಡಿಯ ಈಚೆ ಬಂದವು, ಮನೆ ಆಚೆ ಉಳಿಯಿತು. ಇದನ್ನು ನಷ್ಟವೆಂದಷ್ಟೇ ಹೇಳುವುದು ಕೃತಘ್ನತೆಯಾದೀತು; ಕರಾವಳಿಯ ಮಳೆಗಾಲ ಒಡೆಯನಿಲ್ಲದ ಪುಸ್ತಕಗಳಿಗೆ ಏನು ಮಾಡುತ್ತದೆಂಬುದನ್ನು ಬಲ್ಲವರು ಬಲ್ಲರು. ಆದರೆ ಖಾಸಗಿ ಗ್ರಂಥಾಲಯವೊಂದರ ಜೋಡಣೆಯೇ ಅದರ ಒಡೆಯನ ಒಂದು ವಾದ. ಗ್ರೀಕ್ ನಾಟಕದ ಪಕ್ಕದಲ್ಲಿ ಶಾಸನ ಸಂಪುಟ, ಅದರ ಪಕ್ಕದಲ್ಲಿ ಬೈಬಲ್, ಅದರ ಪಕ್ಕದಲ್ಲಿ ಪಂಚಾಂಗ ಇದ್ದರೆ ಆ ನೆರೆಹೊರೆಯಲ್ಲೇ ಒಂದು ಆಲೋಚನೆ ಇರುತ್ತದೆ. ವಿಷಯಾನುಸಾರ ಸಂಖ್ಯೆ ಬಿದ್ದು ಬೇರೆ ಬೇರೆ ಕಪಾಟುಗಳಿಗೆ ಹೋದ ದಿನ ಪುಸ್ತಕಗಳು ಉಳಿದು ಆ ಆಲೋಚನೆ ಅಳಿಯುತ್ತದೆ. ಸಂಗ್ರಹ ಮನೆಯಿಂದ ಹೊರಡುವ ಮೊದಲು ಕಪಾಟಿನ ಕ್ರಮವನ್ನು ಬರೆದಿಟ್ಟುಕೊಳ್ಳುವ ಪದ್ಧತಿ ಗಡಿನಾಡಿನ ಖಾಸಗಿ ಸಂಗ್ರಹಗಳ ಮಟ್ಟಿಗಾದರೂ ರೂಢಿಗೆ ಬರಬೇಕು. ಅದಕ್ಕೆ ಬೇಕಾದುದು ಒಂದು ನೋಟುಪುಸ್ತಕ ಮತ್ತು ಎರಡು ದಿನ.

ಚೆದರಿದ ಸಂಶೋಧನ ಲೇಖನಗಳು ಕೊನೆಗೆ ಅವರ ಮರಣಾನಂತರ ಒಂದು ಸಂಪುಟವಾಗಿ ಕೂಡಿಬಂದವು. ಆಗಲೇ ಅವರ ಆಸಕ್ತಿಯ ಹರವು ಒಂದೇ ನೋಟಕ್ಕೆ ಸಿಕ್ಕಿದುದು. ಇಂಥ ಸಂಪುಟದ ಭಾಗ್ಯ ರಾಷ್ಟ್ರಕವಿಗೆ ಸಿಕ್ಕಿತು. ಅದೇ ಪತ್ರಿಕೆಗಳಲ್ಲಿ ಅವರ ಪಕ್ಕದ ಪುಟಗಳಲ್ಲಿ ಬರೆದ ಶಾಲಾ ಮಾಸ್ತರರಿಗೆ, ಪಟೇಲ ಶಾನುಭೋಗರಿಗೆ, ವೈದ್ಯರಿಗೆ ಸಿಕ್ಕಿಲ್ಲ. ಅವರ ಹೆಸರು ಸಿಗಬೇಕಾದರೆ ಸಂಚಿಕೆಗಳನ್ನು ಒಂದೊಂದಾಗಿ ಮಗುಚಿ ಲೇಖನಸೂಚಿ ಮಾಡಬೇಕು. ಹೊಸೂರು, ಮಡಕಶಿರ, ಅಕ್ಕಲಕೋಟೆಗಳ ಕಡೆ ಇಂಥ ಬರಹಗಾರರು ಇದ್ದರೇ ಎಂಬ ಪ್ರಶ್ನೆಗೆ ಇಲ್ಲವೆಂದು ಉತ್ತರಿಸುವ ಹಕ್ಕು ಆ ಕೆಲಸ ಮುಗಿಯುವವರೆಗೆ ಯಾರಿಗೂ ಇಲ್ಲ.

ಉಡುಪಿಯ ಕೇಂದ್ರದಿಂದ ಯು.ಪಿ. ಉಪಾಧ್ಯಾಯರ ಪ್ರಧಾನ ಸಂಪಾದಕತ್ವದಲ್ಲಿ ತುಳು ನಿಘಂಟು 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರಬಂತು. ಪಾಡ್ದನಗಳ ನುಡಿ, ಬೇರೆ ಬೇರೆ ಸಮುದಾಯಗಳ ಆಡುಮಾತು ಅದರಲ್ಲಿ ಪ್ರಮಾಣವಾಗಿ ಬಂದಿವೆ; ಹಿಂದಿನವರ ಜಗಲಿಯ ವಿದ್ವತ್ತು ಕಿವಿಗೊಡದೆ ಬಿಟ್ಟ ದನಿಗಳು ಅವು. ಪದಗಳನ್ನು ಕೂಡಿಸಿದ್ದು ಚಂದ್ರಗಿರಿ ಹೊಳೆಯವರೆಗಿನ ತುಳುವನ್ನು ಒಂದೇ ನೆಲವೆಂದು ಎಣಿಸಿ. ತಲಪಾಡಿಯ ಗಡಿಗೆ ಆ ಸಂಪುಟಗಳಲ್ಲಿ ಎಡೆಯಿಲ್ಲ.